ಕೆಂಪು ಗೀಟಿನ ಹೊಡೆತಗಳು

ನವೆಂಬರ್ ಹತ್ತೊಂಬತ್ತು, ಗುರುವಾರ. ಬೆಳಿಗ್ಗೆ ಮಂಜಿತ್ತು, ಹತ್ತು ಗಂಟೆಗೆ ಬಿಸಿಲು ಬಂತು. ಗುರುಶಿಷ್ಯರು ಬಿಸಿಲಿಗೆ ಬಂದು ಕೂತರು.

ಶಿಷ್ಯ ಕೇಳಿದ: “ಗುರುಗಳೇ, ನಿಜ ಹೇಳಿದವನ ಮಾತು ನಿಜವೆಂದು ಲೋಕ ಒಪ್ಪುವ ದಿನ ಎಂದಾದರೂ ಬಂದೇ ಬರುತ್ತದಲ್ಲವೇ?”

ಗುರು ಹೇಳಿದರು:

ಒಬ್ಬ ಎಂಜಿನಿಯರ್ ಇದ್ದ. ಶಬ್ದಕ್ಕಿಂತ ಏಳು ಪಟ್ಟು ವೇಗವಾಗಿ ಹಾರುವ ವಾಹನದ ಮೈ ಎಷ್ಟು ಕಾಯುತ್ತದೆ ಎಂದು ಅಳೆಯುವುದು ಅವನ ಕೆಲಸ. ವಾಹನದ ಮಾದರಿಯನ್ನಿಟ್ಟು ಅಳೆಯಲು ಒಂದು ಉದ್ದನೆಯ ಕೊಳವೆ. ಅದರೊಳಗೆ ಅಂಥ ಗಾಳಿ ಬೀಸುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು ಮಾತ್ರ. ಒಂದು ಸಲ ಬೀಸಿದರೆ ಒಂದು ‘ಹೊಡೆತ’. ಹತ್ತೊಂಬತ್ತು ವರ್ಷದಲ್ಲಿ ಅವನು ಎರಡು ಸಾವಿರ ಹೊಡೆತ ಹೊಡೆದಿದ್ದ. ಒಟ್ಟು ಸೇರಿಸಿದರೆ ಎರಡು ಸೆಕೆಂಡಿನ ಗಾಳಿ. ಅದರಿಂದ ಒಂದು ಸೂತ್ರ ಹುಟ್ಟಿತು. ಸೂತ್ರಕ್ಕೆ ಅವನದೇ ಹೆಸರು.

ಅಲ್ಲಿ ಒಂದು ರೂಢಿಯಿತ್ತು. ಗಾಳಿಯನ್ನು ತಡೆದಿಟ್ಟ ತೆಳು ತಗಡು ಒಡೆದರೇ ಹೊಡೆತ; ಆಗ ಅದರ ಚೂರು ಅಳೆಯುವ ಉಪಕರಣಕ್ಕೆ ಬಡಿದು ಲೆಕ್ಕ ಕೆಡುವುದುಂಟು. ಹಾಗಾಗಿ ಉಳಿದವುಗಳ ಜೊತೆ ಹೊಂದದ ಹೊಡೆತದ ಮೇಲೆ ಕೆಂಪು ಗೀಟು ಎಳೆದು, ‘ಕೆಟ್ಟದ್ದು’ ಎಂದು ಬರೆದು ಮುಂದೆ ಹೋಗುತ್ತಿದ್ದರು.

ಆ ಸೂತ್ರ ನಂಬಿ ಕಟ್ಟಿದ ವಾಹನ ಹಾರಲು ಹನ್ನೊಂದು ದಿನ ಉಳಿದಿತ್ತು. ಹೊಡೆತಗಳ ಲೆಕ್ಕದ ಹಳೆಯ ಪುಸ್ತಕಗಳನ್ನು ಉಗ್ರಾಣಕ್ಕೆ ಕಳಿಸುವಾಗ ಅವನು ಕೆಂಪು ಗೀಟಿನವನ್ನಷ್ಟೇ ಆರಿಸಿ ಪಕ್ಕಪಕ್ಕದಲ್ಲಿಟ್ಟು ನೋಡಿದ. ಅರವತ್ತಮೂರು ಇದ್ದವು. ತಗಡಿನ ಚೂರು ಒಂದೊಂದು ಸಲ ಒಂದೊಂದು ಕಡೆ ಬಡಿಯಬೇಕು. ಇವು ಹಾಗಿರಲಿಲ್ಲ. ಮಾದರಿಯ ಮೂಗಿನಿಂದ ಒಂದು ಗೇಣು ಹಿಂದೆ ಶಾಖವು ಸೂತ್ರ ಹೇಳಿದ್ದರ ಎರಡು ಪಟ್ಟು. ಅರವತ್ತಮೂರರಲ್ಲೂ ಅದೇ.

ಅವನು ನಿರ್ದೇಶಕರ ಬಳಿ ಹೋದ.

“ಏನ್ರೀ, ಹತ್ತೊಂಬತ್ತು ವರ್ಷ ಕಸ ಅಂತ ಎಸೆದದ್ದನ್ನು ಈಗ ಹೊತ್ತು ತಂದಿದ್ದೀರಾ?”

“ಕಸವೆಲ್ಲ ಒಂದೇ ಮಾತು ಹೇಳುತ್ತಿದೆ, ಸರ್.”

“ಅದು ನಿಮ್ಮ ಹೆಸರಿನ ಸೂತ್ರ. ತಪ್ಪು ಅಂತ ನೀವೇ ಬರೆದುಕೊಡುತ್ತೀರೇನು?”

“ಬರೆದು ತಂದಿದ್ದೇನೆ.”

ಹಾರಾಟ ನಿಂತಿತು. ಆ ಜಾಗದ ಹೊದಿಕೆಯನ್ನು ದಪ್ಪ ಮಾಡಲು ಮೂರು ವರ್ಷ ಹಿಡಿಯಿತು. ಸೂತ್ರವನ್ನು ಪುಸ್ತಕಗಳಿಂದ ತೆಗೆದರು. ಅವನನ್ನು ಗ್ರಂಥಾಲಯದ ಉಸ್ತುವಾರಿಗೆ ಹಾಕಿದರು. ಕೊನೆಗೆ ಆಳಿಲ್ಲದ ಆ ವಾಹನ ಹಾರಿತು. ಹೇಳಿದಷ್ಟು ದೂರ ಹೋಗಿ, ಯೋಜನೆಯಂತೆ ಹೇಳಿದ ಜಾಗದಲ್ಲೇ ಕಡಲಿಗೆ ಬಿದ್ದು ಮುಳುಗಿತು. ಸಿಹಿ ಹಂಚುವಾಗ ಯಾರೋ ಅಂದರು: “ನೋಡಿ, ಏನೂ ಆಗಲಿಲ್ಲ. ಆ ಪುಣ್ಯಾತ್ಮ ಸುಮ್ಮನೆ ಹೆದರಿಸಿ ಮೂರು ವರ್ಷ ತಿಂದ.” ಅವನೂ ಅಲ್ಲೇ ಇದ್ದ. ತನ್ನ ಪಾಲಿನ ಪೇಡೆ ತಿಂದು ಗ್ರಂಥಾಲಯಕ್ಕೆ ಹೋದ.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಆ ದಪ್ಪ ಹೊದಿಕೆಯಿಂದಲೇ ಉಳಿಯಿತು ಎಂದು ಅವನು ಸಾಕ್ಷಿ ತೋರಿಸಬಹುದಿತ್ತಲ್ಲ, ಗುರುಗಳೇ?”

ಗುರು ಹೇಳಿದರು: “ಸಾಕ್ಷಿಗೆ ಆ ವಾಹನ ಉರಿಯಬೇಕಿತ್ತಪ್ಪ, ಆ ಸಾಕ್ಷಿಯನ್ನೇ ತೆತ್ತು ಅವನು ಅದನ್ನು ಉಳಿಸಿದ್ದು.”