ಅವರೆಬಳ್ಳಿ ಸುತ್ತಲು ಕಲಿತದ್ದು

ಇದು ನಡೆದದ್ದು ಲೋಕ ಇನ್ನೂ ಹೊಸದಾಗಿದ್ದಾಗ, ಮೊದಲ ಚಳಿಗಾಲಕ್ಕೆ ತುಸು ಮುಂಚೆ.

ಆಗ ಅವರೆಬಳ್ಳಿಗೆ ಹತ್ತಲು ಬರುತ್ತಿರಲಿಲ್ಲ. ಕೋಲಿಗೆ ಮುಂದಕ್ಕೆ ಒಂದು ಸುತ್ತು ಹಾಕುತ್ತಿತ್ತು. ಸರಿಯಾಯಿತೋ ಇಲ್ಲವೋ ಎಂದು ಗೊಂದಲಪಟ್ಟು ಹಿಂದಕ್ಕೆ ಒಂದು ಸುತ್ತು ಹಾಕುತ್ತಿತ್ತು. ಬಿಚ್ಚಿಕೊಂಡು ನೆಲಕ್ಕೆ ಬೀಳುತ್ತಿತ್ತು.

ಗಾಳಿ ಬಂದು ಹೇಳಿತು, "ಇಬ್ಬನಿ ಹೊರಟಾಯ್ತು ಕಣೇ. ಹೀಗೇ ನೆಲದ ಮೇಲೆ ಬಿದ್ದಿದ್ದರೆ ನಿನ್ನ ಕಾಯೆಲ್ಲ ಕೊಳೆತು ಹೋಗುತ್ತೆ. ಬೀಜಕ್ಕೂ ಒಂದು ಉಳಿಯಲ್ಲ."

"ಯಾವ ಕಡೆಗೆ ಸುತ್ತಲಿ?"

"ನನ್ನನ್ನ ಕೇಳ್ತೀಯಾ? ನಾನೇ ದಿನಕ್ಕೊಂದು ಕಡೆ ಬೀಸೋಳು. ಕಾಳಾಚಾರಿ ಹತ್ರ ಹೋಗು. ಅವನದು ಸುತ್ತೋ ಕೆಲಸ."

ಬಳ್ಳಿ ನೆಲದ ಮೇಲೇ ಹರಿದು ಕಾಳಾಚಾರಿಯ ಜಗಲಿಗೆ ಹೋಯಿತು.

ಆ ಮುದುಕ ಬುಗುರಿ ಮಾಡುವವನು. ಮರ ಕಡೆಯುವ ಅವನ ತಿರುಗಣಿಯಲ್ಲಿ, ಎರಡು ಮೊನೆಗಳ ನಡುವೆ, ಹಾಲೆಮರದ ತುಂಡೊಂದು ನಿಂತಿತ್ತು. ಅದಕ್ಕೆ ಹಗ್ಗ ಸುತ್ತಿತ್ತು. ಹಗ್ಗದ ತುದಿಗಳು ಹೆಂಡತಿ ನಂಜವ್ವನ ಕೈಯಲ್ಲಿದ್ದವು. ಅವಳ ಬಲಗೈ ಎಳೆದರೆ ಮರ ಮುಂದಕ್ಕೆ ತಿರುಗುತ್ತಿತ್ತು. ಎಡಗೈ ಎಳೆದರೆ ಹಿಂದಕ್ಕೆ ತಿರುಗುತ್ತಿತ್ತು.

ಬಳ್ಳಿಗೆ ಗೊಂದಲ ಹೆಚ್ಚಾಯಿತು. "ಅಜ್ಜ, ಇದು ಯಾವ ಕಡೆಗೆ ತಿರುಗೋದು?"

"ಎರಡೂ ಕಡೆಗೆ."

"ನಾನೂ ಎರಡೂ ಕಡೆಗೆ ತಿರುಗ್ತೀನಲ್ಲ! ನಿನಗೆ ಬುಗುರಿ ಆಗುತ್ತೆ. ನನಗೆ ಯಾಕೆ ಏನೂ ಆಗಲ್ಲ?"

"ಉಳಿ ಹಿಡಿದು ನೋಡು, ಬಾ."

ಬಳ್ಳಿ ಉಳಿಯನ್ನು ಹಿಡಿದು ಮರಕ್ಕೆ ಒತ್ತಿತು. ಮರ ಮುಂದಕ್ಕೆ ತಿರುಗಿತು, ಬಳ್ಳಿ ಒತ್ತಿತು. ಹಿಂದಕ್ಕೆ ತಿರುಗಿತು, ಆಗಲೂ ಒತ್ತಿತು. ಉಳಿ ಎಗರಿತು. ಮರದ ಚಕ್ಕೆ ಕಿತ್ತುಬಂತು.

ನಂಜವ್ವ ನಕ್ಕಳು. "ಬುಗುರಿ ಮಾಡು ಅಂದ್ರೆ ಇಲಿ ಕಡಿದ ಬದನೆಕಾಯಿ ಮಾಡಿದೆಯಲ್ಲೇ!"

ಬಳ್ಳಿ ನಗಲಿಲ್ಲ. ಅದರ ಎಲೆಯ ಮೇಲೆ ಆಗಲೇ ಒಂದು ಹನಿ ಇಬ್ಬನಿ ಕೂತಿತ್ತು.

"ನೀನು ಮರಾನೇ ನೋಡ್ತಿದ್ದೀಯ, ಮಗಾ. ನನ್ನ ಕೈ ನೋಡು," ಎಂದ ಕಾಳಾಚಾರಿ.

ಮರ ಮುಂದಕ್ಕೆ ತಿರುಗಿತು, ಉಳಿ ಮುಟ್ಟಿತು. ಮರ ಹಿಂದಕ್ಕೆ ತಿರುಗಿತು, ಉಳಿ ಮೇಲೆದ್ದಿತು. ಮುಟ್ಟಿತು, ಮೇಲೆದ್ದಿತು.

"ಹಿಂದಕ್ಕೆ ತಿರುಗುವಾಗ ಏನು ಮಾಡ್ತೀಯ, ಅಜ್ಜ?"

"ಏನೂ ಮಾಡಲ್ಲ. ಸುಮ್ಮನಿರ್ತೀನಿ."

"ಅಷ್ಟೇನಾ?"

"ಅಷ್ಟು ಕಲಿಯೋಕೆ ಇವರು ಅರ್ಧ ಕಾಡು ಹಾಳುಮಾಡಿದ್ರು," ಎಂದಳು ನಂಜವ್ವ.

ಉಳಿಯಿಂದ ಮರದ ಸಿಪ್ಪೆಗಳು ಸುರುಳಿಸುರುಳಿಯಾಗಿ ಉದುರುತ್ತಿದ್ದವು. ಬಳ್ಳಿ ಒಂದನ್ನು ನೋಡಿತು. ಇನ್ನೊಂದನ್ನು ನೋಡಿತು. ಎಲ್ಲವೂ ಒಂದೇ ಕಡೆಗೆ ಸುತ್ತಿಕೊಂಡಿದ್ದವು.

ಬಳ್ಳಿ ತನ್ನ ಕೋಲಿಗೆ ಮರಳಿತು. ಮುಂದಕ್ಕೆ ಒಂದು ಸುತ್ತು ಹಾಕಿತು. ಸರಿಯಾಯಿತೋ ಇಲ್ಲವೋ? ಮತ್ತೆ ಗೊಂದಲ. ಹಿಂದಕ್ಕೆ ತಿರುಗಬೇಕೆನಿಸಿತು. ಸುಮ್ಮನಿತ್ತು. ಗೊಂದಲ ಸ್ವಲ್ಪ ಕಡಿಮೆಯಾದ ಮೇಲೆ ಮುಂದಕ್ಕೆ ಇನ್ನೊಂದು ಸುತ್ತು ಹಾಕಿತು.

ಇಬ್ಬನಿ ಜೋರಾಗಿ ಸುರಿದ ದಿನ ಕಾಯೆಲ್ಲ ಕೋಲಿನ ಮೇಲಿತ್ತು. ನೀರು ತೊಟ್ಟಿಕ್ಕಿ ಕೆಳಗೆ ಹೋಯಿತು.

ಬಳ್ಳಿಯ ಗೊಂದಲ ಇವತ್ತಿಗೂ ಪೂರ್ತಿ ಹೋಗಿಲ್ಲ. ಕೋಲು ಸಿಗುವ ತನಕ ಅದರ ತುದಿ ಅತ್ತಿತ್ತ ಓಲಾಡುವುದನ್ನು ನೀನೂ ನೋಡಬಹುದು. ಕೋಲು ಸಿಕ್ಕ ಮೇಲೆ, ಯಾವ ಹಿತ್ತಲಿನ ಅವರೆಬಳ್ಳಿಯಾದರೂ, ಅದು ಸುತ್ತುವ ದಿಕ್ಕು ಒಂದೇ.