ದಾಟುಗಲ್ಲಿನ ಮುಖ

ಬಸ್ಸಿನ ಬೋರ್ಡಿನಲ್ಲಿ ಊರಿನ ಹೆಸರು ದಾಟುಗಲ್ಲು. ಸರ್ಕಾರಿ ಕಾಗದಗಳಲ್ಲಿ ಮಾತ್ರ ಗವಿಹಳ್ಳಿ ಎಂದಿದೆ. ಆ ಹೆಸರು ಹೇಳಿ ಟಿಕೆಟ್ ಕೇಳಿದರೆ ಕಂಡಕ್ಟರಿಗೆ ತಿಳಿಯುವುದಿಲ್ಲ. ಊರ ಹಿಂದೆ ಬೋಳು ಬಂಡೆಯ ಗುಡ್ಡ, ಅದರ ನೆತ್ತಿಯಲ್ಲಿ ಗವಿಮಲ್ಲೇಶ್ವರನ ಗುಡಿ. ದೊಡ್ಡ ಗುಡಿಯೇನಲ್ಲ. ನಾಲ್ಕು ಕಂಬದ ಮಂಟಪ, ಬಾಗಿಲ ಪಕ್ಕ ಕಾಲು ತೊಳೆಯಲು ಕಲ್ಲಿನ ಬಾನಿ. ಕಾಲು ತೊಳೆದುಕೊಂಡು ಒಳಗೆ ಹೋಗುವವರೆಲ್ಲ ಬಾಗಿಲಲ್ಲಿ ಒಂದು ಉದ್ದ ಹೆಜ್ಜೆ ಹಾಕುತ್ತಾರೆ. ಹೆಂಗಸರು ಸೀರೆಯ ನೆರಿಗೆ ಎತ್ತಿ ಹಿಡಿಯುತ್ತಾರೆ. ಮಕ್ಕಳನ್ನು ಕಂಕುಳಲ್ಲಿ ಎತ್ತಿ ಆಚೆ ಇಳಿಸುತ್ತಾರೆ. ಏಕೆಂದು ಗೊತ್ತಿಲ್ಲದವರೂ ಮುಂದಿನವರನ್ನು ನೋಡಿ ಹಾಗೆಯೇ ಮಾಡುತ್ತಾರೆ.

ಹಿಂದೆ ಒಮ್ಮೆ, ಮಹಾ ಬರ ಬಿದ್ದ ಕಾಲದಲ್ಲಿ, ಈ ಸೀಮೆ ವೆಂಕೋಜಿರಾಯನೆಂಬ ಸುಭೇದಾರನ ಕೈಯಲ್ಲಿತ್ತು. ಸಂಸ್ಥಾನದ ದೊರೆ ದೂರದ ರಾಜಧಾನಿಯಲ್ಲಿದ್ದ. ಇಲ್ಲಿ ದೊರೆಯೆಂದರೆ ಇವನೇ. ಅರಮನೆಯ ಲಾಯದಲ್ಲಿ ಕುದುರೆಗಳ ಉಸ್ತುವಾರಿಗೆ ಸೇರಿದವನು, ಕುದುರೆಯ ಹುರುಳಿ ಕದ್ದು ಸಿಕ್ಕಿಬಿದ್ದ. ಹೇಗೋ ಏನೋ, ಶಿಕ್ಷೆಯ ಬದಲು ಬಡ್ತಿ ಸಿಕ್ಕಿತು. ಮುಂದಿನ ಊರಿನಲ್ಲಿ ತೀರ್ಪುಗಳನ್ನು ಮಾರಿದ. ಅದರ ಮುಂದಿನ ಊರಿನಲ್ಲಿ ಒಬ್ಬ ಗುಮಾಸ್ತನ ಹೆಂಡತಿಯನ್ನು ಬಂಗಲೆಯಲ್ಲಿಟ್ಟುಕೊಂಡು ಗುಮಾಸ್ತನನ್ನು ಸೆರೆಮನೆಯಲ್ಲಿಟ್ಟ. ಪ್ರತಿ ಸಲವೂ ವಿಚಾರಣೆ ನಡೆಯಿತು; ಪ್ರತಿ ಸಲವೂ ಸಾಕ್ಷಿ ಹೇಳಬೇಕಾದವರು ಊರು ಬಿಟ್ಟಿರುತ್ತಿದ್ದರು, ಇಲ್ಲವೇ ಲೋಕ ಬಿಟ್ಟಿರುತ್ತಿದ್ದರು. ಅವನ ಎಡಗೆನ್ನೆ ಸದಾ ಎಲೆಅಡಿಕೆಯಿಂದ ಉಬ್ಬಿರುತ್ತಿತ್ತು. ಪೀಕದಾನಿ ಹಿಡಿದ ಆಳು ಒಂದು ಗಳಿಗೆ ತಡಮಾಡಿದರೆ ಎದುರು ನಿಂತ ರೈತನ ಎದೆಯ ಮೇಲೆಯೇ ಉಗುಳುತ್ತಿದ್ದನಂತೆ. ಉಳಿದದ್ದನ್ನೆಲ್ಲ ಬರೆಯುತ್ತ ಕೂತರೆ ಕೈ ಹೊಲಸಾಗುತ್ತದೆ.

ಒಂದನ್ನು ಬರೆಯಲೇಬೇಕು. ಬರದಲ್ಲಿ ಬಡವರಿಗೆ ಗಂಜಿ ಕಾಯಿಸಿ ಹಾಕಲು ರಾಜಧಾನಿಯಿಂದ ಬಂಡಿಗಟ್ಟಲೆ ರಾಗಿ ಬಂತು. ರಾಗಿ ಸುಭೇದಾರನ ಲಾಯಕ್ಕೆ ಹೋಯಿತು. ಕುದುರೆಗಳು ತಿನ್ನದೆ ಬಿಟ್ಟ ಮುಗ್ಗಿದ ತೌಡು ಗವಿಹಳ್ಳಿಯ ಗಂಜಿಮನೆಗೆ ಬಂತು. ಕುದಿಸಿದರೆ ಹುಳು ತೇಲುತ್ತಿತ್ತು. ಹಸಿದವರು ಹುಳುವನ್ನು ಸರಿಸಿ ಕುಡಿದರು. ಊರಿನ ಕಲ್ಲುಕುಟಿಗ ಮೋನಾಚಾರಿಯ ಹೆಂಡತಿ ಕಾಳಮ್ಮ ಅದನ್ನು ಕುಡಿದು ಮೂರು ದಿನ ಭೇದಿಯಾಗಿ ಸತ್ತಳು. ಗಂಜಿ ಬಡಿಸುತ್ತಿದ್ದವಳು ಈರಮ್ಮನೆಂಬ ಮುದುಕಿ. ಕಾಳಮ್ಮ ಬಡಕಲಾಗಿದ್ದಾಳೆಂದು ಅಕ್ಕರೆಯಿಂದ ಎರಡನೆಯ ಸೌಟು ಹಾಕಿದವಳೂ ಅವಳೇ. ಆಮೇಲೆ ಈರಮ್ಮ ಸೌಟು ಮುಟ್ಟಲಿಲ್ಲ ಎನ್ನುತ್ತಾರೆ.

ಸತ್ತವರ ಸುದ್ದಿ ರಾಜಧಾನಿ ಮುಟ್ಟಿತು. ವಿಚಾರಣೆಗೆ ಅಧಿಕಾರಿಯೊಬ್ಬ ಬರುತ್ತಾನೆಂದು ಗೊತ್ತಾದಾಗ ಸುಭೇದಾರನಿಗೆ ದಿಢೀರನೆ ಭಕ್ತಿ ಹುಟ್ಟಿತು. ಗುಡಿಗೆ ಮಂಟಪ ಕಟ್ಟಿಸಿದ. ಅವನ ಪುರೋಹಿತ ಇನ್ನೊಂದು ಮಾತು ಕಿವಿಯಲ್ಲಿ ಹಾಕಿದ: ಹಿಂದಿನ ರಾಜರು ದೇವರ ಬಾಗಿಲಲ್ಲಿ ತಾವು ಸಾಷ್ಟಾಂಗ ಬಿದ್ದಂತೆ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು, ಭಕ್ತರು ಅದನ್ನು ತುಳಿದು ಒಳಗೆ ಹೋಗುವಾಗ ಒಂದೊಂದು ಹೆಜ್ಜೆಗೂ ಒಂದೊಂದು ಪಾಪ ತೊಳೆದುಹೋಗುತ್ತದೆ. ಸುಭೇದಾರನಿಗೆ ಇದು ಬಹಳ ಹಿಡಿಸಿತು. ಪಾಪ ಇವನದು, ತೊಳೆಯುವ ಕೆಲಸ ಊರಿನವರದು. ಮೋನಾಚಾರಿಯನ್ನು ಕರೆಸಿ, ಕಲ್ಲು ಬಾಗಿಲಿಗೆ ಅಡ್ಡಲಾಗಿ ಪೂರ್ತಿ ಅಗಲಕ್ಕೆ ಇರಬೇಕು, ಯಾರೂ ಪಕ್ಕದಿಂದ ನುಸುಳಬಾರದು, ಮುಖ ಒಂದು ಪಕ್ಕಕ್ಕೆ ಹೊರಳಿದ್ದು ತನ್ನದೆಂದು ಗುರುತು ಸಿಗಬೇಕು ಎಂದ. ಆಗುವುದಿಲ್ಲವೆಂದರೆ ಉಳಿ ಹಿಡಿಯುವ ಹೆಬ್ಬೆರಳು ಉಳಿಯುವುದಿಲ್ಲ ಎಂದೂ ಸೇರಿಸಿದ.

ಮೋನಾಚಾರಿ ಹೆಬ್ಬೆರಳಿಗೆ ಅಷ್ಟು ಹೆದರಲಿಲ್ಲ. ಅವನನ್ನು ಸುಡುತ್ತಿದ್ದದ್ದು ಬೇರೆ. ಕಾಳಮ್ಮನನ್ನು ಕೊಂದ ಪಾಪ ತನ್ನ ಉಳಿಯಿಂದಲೇ ತೊಳೆದುಹೋಗುತ್ತದಲ್ಲ ಎಂಬುದು. ಎರಡು ದಿನ ಉಳಿ ಮುಟ್ಟದೆ ಕೂತ. ಮೂರನೆಯ ದಿನ ಈರಮ್ಮ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಕೆತ್ತು ಆಚಾರಿ," ಅಂದಳು. "ಚೆನ್ನಾಗಿ ಕೆತ್ತು. ಕಲ್ಲು ಅವನದು, ಉಳಿ ನಿನ್ನದು, ಕಾಲು ನಮ್ಮದು ತಾನೆ."

ಮುದುಕಿ ಒದೆಯುವ ಮಾತಾಡುತ್ತಿದ್ದಾಳೆ ಎಂದು ಅವನು ತಿಳಿದ. ಪಾಪ ತೊಳೆದರೆ ತೊಳೆಯಲಿ, ಊರೆಲ್ಲ ಆ ಮುಖವನ್ನು ಹಿಮ್ಮಡಿಯಲ್ಲಿ ಅರೆಯಲಿ ಎಂದುಕೊಂಡ. ಸಾವಿರ ವರ್ಷ ತುಳಿದರೂ ಸವೆಯದ ಹಾಗೆ ಗಟ್ಟಿ ಕರಿಕಲ್ಲನ್ನೇ ಆರಿಸಿ ಬೇಕೆಂದೇ ಆಳವಾಗಿ ಕೆತ್ತಿದ. ಮೀಸೆಯ ಎಳೆ, ಕಿವಿಯ ಒಂಟಿ, ಎಲೆಅಡಿಕೆಯಿಂದ ಉಬ್ಬಿದ ಕೆನ್ನೆ, ತುಟಿಯ ಮೂಲೆಯಿಂದ ಇಳಿದ ಜೊಲ್ಲು, ಯಾವುದನ್ನೂ ಬಿಡಲಿಲ್ಲ. ಅಷ್ಟು ಒಳ್ಳೆಯ ಕೆಲಸ ಅವನು ದೇವರಿಗೂ ಮಾಡಿರಲಿಲ್ಲ. ಸುಭೇದಾರ ನೋಡಿ ಮೆಚ್ಚಿದ. ಜೊಲ್ಲು ಅವನ ಕಣ್ಣಿಗೆ ಬೀಳಲಿಲ್ಲ.

ಮಂಟಪ ಒಪ್ಪಿಸುವ ದಿನಕ್ಕೇ ವಿಚಾರಣೆಯ ಅಧಿಕಾರಿಯನ್ನೂ ಕರೆಸಿದರು. ಬಾಗಿಲ ಪಕ್ಕ ಇಬ್ಬರಿಗೂ ಕುರ್ಚಿ ಹಾಕಿದರು. ಊರಿಗೆ ಹಿರಿಯಳೆಂದು ಈರಮ್ಮನನ್ನು ಮೊದಲು ಬಿಟ್ಟರು. ಅವಳು ಬಾನಿಯ ನೀರು ಮೊಗೆದು ಕಾಲು ತೊಳೆದುಕೊಂಡಳು, ಬೆರಳ ಸಂದಿಯನ್ನೂ ಬಿಡದೆ. ಬಾಗಿಲಿಗೆ ಬಂದು, ಕಲ್ಲನ್ನು ನೋಡಿ, ಸೀರೆ ಎತ್ತಿ ಹಿಡಿದು ಒಂದೇ ಹೆಜ್ಜೆಗೆ ದಾಟಿದಳು. ಈ ಕಡೆ ಮಲಗಿದ ಮಗುವನ್ನೂ ಯಾರೂ ದಾಟುವುದಿಲ್ಲ. ಮರೆತು ದಾಟಿದರೆ ಹಿಂದಕ್ಕೆ ದಾಟಿ ಸರಿಮಾಡುತ್ತಾರೆ. ಈರಮ್ಮ ಹಿಂದಕ್ಕೆ ಬರಲಿಲ್ಲ.

ಸುಭೇದಾರ ನಗಲು ನೋಡಿದ. ಮುದುಕಿಗೆ ಕಣ್ಣು ಕಾಣಲಿಲ್ಲವೇನೋ ಎಂದು, ತುಳಿದುಕೊಂಡು ಬಾ ಅಜ್ಜಿ ಎಂದು ಕೂಗಿದ.

"ಕಾಲು ತೊಳೆದುಕೊಂಡು ಬಂದಿದ್ದೀನಿ ಬುದ್ಧಿ," ಅಂದಳು ಈರಮ್ಮ. "ಹೊಲಸು ತುಳಿದು ದೇವರ ಮುಂದೆ ಹೆಂಗೆ ನಿಲ್ಲಲಿ?"

ಅವಳ ಹಿಂದೆ ಇಡೀ ಊರು ಸಾಲಾಗಿ ಬಂದು, ಒಬ್ಬೊಬ್ಬರೂ ಕಾಲು ತೊಳೆದು, ಒಬ್ಬೊಬ್ಬರೂ ದಾಟಿ ಒಳಗೆ ಹೋದರು. ಎರಡೂ ಕಾಲು ಸೋತ ಕುಂಬಾರನೊಬ್ಬನನ್ನು ಅಣ್ಣತಮ್ಮಂದಿರು ಹೊತ್ತು ದಾಟಿಸಿದರು. ಸುಭೇದಾರನ ಕೆನ್ನೆಯೊಳಗಿನ ಎಲೆಅಡಿಕೆ ಅಲ್ಲಾಡದೆ ನಿಂತುಹೋಗಿತ್ತು. ಕೊನೆಗೆ ವಿಚಾರಣೆಯ ಅಧಿಕಾರಿ ಎದ್ದ. ಬೂಟು ಬಿಚ್ಚಿ, ಕಾಲು ತೊಳೆದು, ಅವನೂ ದಾಟಿದ. ಆಗ ಮೋನಾಚಾರಿಗೆ ಮುದುಕಿಯ ಮಾತಿನ ಅರ್ಥ ಹೊಳೆಯಿತು. ಕಾಲು ತುಳಿಯದಿದ್ದರೆ ಪಾಪ ತೊಳೆಯುವುದೂ ಇಲ್ಲ. ಅವನೂ ಹೋಗಿ ದಾಟಿದ.

ಇಷ್ಟಾದ ಮೇಲೆ ಸುಭೇದಾರನಿಗೆ ಸೆರೆಯಾಯಿತು ಎಂದು ಬರೆಯಬಹುದಿತ್ತು. ಆಗಲಿಲ್ಲ. ಬೇರೆ ಸೀಮೆಗೆ ವರ್ಗವಾಯಿತು. ಅಲ್ಲಿಯೂ ಅದೇ ಹೊಲಸು, ಆಮೇಲೆ ವಿಶ್ರಾಂತಿವೇತನ. ಎಷ್ಟೋ ವರ್ಷ ಕಳೆದು, ಲಕ್ವ ಹೊಡೆದು ಒಂದು ಕೈ ಬಿದ್ದುಹೋದ ಮುದುಕನಾಗಿ ಅವನು ಡೋಲಿಯಲ್ಲಿ ಗುಡ್ಡಕ್ಕೆ ಬಂದ. ಈರಮ್ಮ ಆಗ ಬದುಕಿರಲಿಲ್ಲ. ಮೋನಾಚಾರಿ ಮಂಟಪದಲ್ಲಿ ಕೂತಿದ್ದ. ಮುದುಕ ಬಾಗಿಲಿಗೆ ಬಂದು ಕಲ್ಲನ್ನು ನೋಡಿದ. ಇಷ್ಟು ವರ್ಷಕ್ಕೆ ಒಂದಿಷ್ಟಾದರೂ ಸವೆದಿರಬಹುದೆಂದು ಬಂದಿದ್ದನೋ ಏನೋ. ಮೀಸೆಯ ಒಂದೆಳೆಯೂ ಮಾಸಿರಲಿಲ್ಲ. ನೀನಾದರೂ ಒಂದು ಸಲ ತುಳಿಯಬಾರದೇನಯ್ಯ ಎಂದು ಅಂಗಲಾಚಿದ.

"ನೀವೇ ತುಳಿದು ಒಳಗೆ ಹೋಗಿ ಬುದ್ಧಿ," ಅಂದ ಮೋನಾಚಾರಿ. "ಯಾರು ಬೇಡ ಅಂತಾರೆ."

ಮುದುಕ ಕಾಲೆತ್ತಿದ. ಉಬ್ಬಿದ ಆ ಕೆನ್ನೆಗೆ ತಾಗದೆ ಪಾದ ಸ್ವಲ್ಪ ಹೊತ್ತು ಮೇಲೆಯೇ ನಿಂತಿತು. ಈಗ ಅವನಿಗೆ ಜೊಲ್ಲು ಕಂಡಿರಬೇಕು. ಮೂತಿ ಸೊಟ್ಟಗೆ ಮಾಡಿದ. ಬಾಗಿಲವಾಡ ಹಿಡಿದುಕೊಂಡು, ತನ್ನನ್ನು ತಾನೇ ದಾಟಿ ಒಳಗೆ ಹೋದ.

ಮೋನಾಚಾರಿಗೆ ಕೊನೆಯವರೆಗೂ ಒಂದು ಕೊರಗಿತ್ತು ಎನ್ನುತ್ತಾರೆ. ಅವನು ಕೆತ್ತಿದ ನಂದಿಯ ಮೂಗು, ಕಂಬಗಳ ಮೇಲಿನ ಶರಣರು, ಬಾಗಿಲ ಗಣಪ ಎಲ್ಲವೂ ಭಕ್ತರ ಕೈ ತಗುಲಿ, ಎಣ್ಣೆ ಹಾಲು ಸುರಿದು ಅವನ ಕಣ್ಣೆದುರೇ ಸವೆಯತೊಡಗಿದ್ದವು. ಇಂದು ಹೋದವರಿಗೆ ಅವುಗಳ ಮುಖ ಕಾಣುವುದಿಲ್ಲ. ಬಾಗಿಲ ಕಲ್ಲಿನ ಈಚೆಗೂ ಆಚೆಗೂ ಉದ್ದ ಹೆಜ್ಜೆಗಳ ಭಾರಕ್ಕೆ ನೆಲ ಗುಳಿಬಿದ್ದು ಮಳೆ ಬಂದಾಗ ನೀರು ನಿಲ್ಲುತ್ತದೆ. ನಡುವೆ ಆ ಮುಖವೊಂದೇ ನಿನ್ನೆ ಉಳಿ ಇಟ್ಟಂತೆ ಇದೆ.