ಅಳೆದವಳ ಸಿಟ್ಟು

“ಗುರುಗಳೇ, ಸಿಟ್ಟಿನಲ್ಲಿರುವವನ ಮಾತನ್ನು ನಂಬಬಾರದೆಂದು ಹಿರಿಯರು ನನ್ನ ದೂರನ್ನು ತಳ್ಳಿಹಾಕಿದರು. ಹಾಗಾದರೆ ಸಿಟ್ಟು ಇಳಿಯುವವರೆಗೆ ನಾನು ನಿಜ ಹೇಳಲು ಯೋಗ್ಯನಲ್ಲವೇ?” ಎಂದು ಶಿಷ್ಯ ಮೃತ್ಯುಂಜಯ ಕೇಳಿದ.

ಗುರುಗಳು ಹೇಳಿದರು:

ಒಂದು ವೀಕ್ಷಣಾಲಯದಲ್ಲಿ ಒಬ್ಬ ಹೆಂಗಸು ಕೆಲಸಕ್ಕಿದ್ದಳು. ಅಲ್ಲಿನ ದೂರದರ್ಶಕ ನಮ್ಮ ನೆರೆಯ ಗ್ಯಾಲಕ್ಸಿಯೊಂದರ ಚಿತ್ರಗಳನ್ನು ತೆಗೆಯುತ್ತಿತ್ತು. ಆ ಗ್ಯಾಲಕ್ಸಿಯ ಕೆಲವು ನಕ್ಷತ್ರಗಳ ಬೆಳಕು ಒಂದು ಲೆಕ್ಕದಂತೆ ಏರಿ ಇಳಿಯುತ್ತದೆ. ಆ ಏರಿಳಿತವನ್ನು ಚಿತ್ರಗಳಲ್ಲಿ ಅಳೆದು ಬರೆಯುವುದು ಅವಳ ಕೆಲಸ.

ಒಂದು ನಕ್ಷತ್ರ ಮಾತ್ರ ಬೇರೆಯಾಗಿತ್ತು. ವರ್ಷದಿಂದ ವರ್ಷಕ್ಕೆ ಅದರ ಏರಿಳಿತ ಕುಗ್ಗುತ್ತಾ ಬಂತು. ಹನ್ನೊಂದನೆಯ ವರ್ಷ ಬೆಳಕು ಏರದೆ ಇಳಿಯದೆ ನಿಂತುಬಿಟ್ಟಿತು. ಅವಳು ಕಂಡಂತೆ ಬರೆದಳು. ಅವಳ ಅಳತೆಗಳ ಪಟ್ಟಿ ಅಚ್ಚಾಗಿ ಬಂದಾಗ ಆ ನಕ್ಷತ್ರದ ಮುಂದೆ ಹನ್ನೊಂದು ವರ್ಷಕ್ಕೂ ಒಂದೇ ಬಗೆಯ ಏರಿಳಿತದ ಅಂಕಿಗಳಿದ್ದವು. ಅವು ಅವಳು ಬರೆದವಲ್ಲ. ಅಡಿಯಲ್ಲಿ ಹೆಸರು ಮಾತ್ರ ಅವಳದೇ.

ಅವಳು ಮುಖ್ಯಸ್ಥನ ಕೋಣೆಗೆ ಹೋದಳು.

“ನನ್ನ ಅಂಕಿಗಳನ್ನು ತಿದ್ದಿದವರು ಯಾರು?”

“ನಾನೇ. ಇಂಥ ನಕ್ಷತ್ರಗಳು ಹೀಗೆ ನಿಲ್ಲುವುದಿಲ್ಲ. ನಿಮ್ಮ ಕಣ್ಣು ದಣಿದಿರಬೇಕಮ್ಮ. ಇಷ್ಟು ಸಿಟ್ಟು ಒಳ್ಳೆಯದಲ್ಲ.”

ಅವಳು ಪಟ್ಟಿಯನ್ನು ಹರಿದು ಅವನ ಮೇಜಿನ ಮೇಲೆ ಹಾಕಿ ಹೊರಬಂದಳು. ಎಷ್ಟೋ ದಿನ ಊಟ ಸೇರಲಿಲ್ಲ. ಅವನೊಂದಿಗೆ ಮತ್ತೆ ಮಾತಾಡಲಿಲ್ಲ. ಅಳೆಯುವುದನ್ನು ಮಾತ್ರ ಬಿಡಲಿಲ್ಲ. ಅವನದು ಸುಳ್ಳೆಂದು ತೋರಿಸಲು ಆ ನಕ್ಷತ್ರ ಇನ್ನೊಂದು ವರ್ಷ ಹಾಗೆಯೇ ಇದ್ದರೆ ಸಾಕಿತ್ತು.

ಇರಲಿಲ್ಲ. ಮರುವರ್ಷ ಬೆಳಕು ಮತ್ತೆ ಏರಿತು, ಇಳಿಯಿತು, ಮುಖ್ಯಸ್ಥ ಹೇಳಿದ್ದಂತೆಯೇ. ಅದನ್ನು ಕಂಡವಳು ಅವಳೊಬ್ಬಳೇ. ಬರೆಯದೆ ಬಿಟ್ಟಿದ್ದರೆ ಕೇಳುವವರಿರಲಿಲ್ಲ. ಅವಳು ಹಲ್ಲು ಕಚ್ಚಿಕೊಂಡು ಕಂಡಂತೆಯೇ ಬರೆದು ಕೊಟ್ಟಳು.

ವೀಕ್ಷಣಾಲಯದ ಸಭೆಯಲ್ಲಿ ಮುಖ್ಯಸ್ಥ ಆ ಹಾಳೆಯನ್ನು ಎತ್ತಿ ತೋರಿಸಿದ. “ನೋಡಿ, ಈಕೆಯ ಕೈಯೇ ನನ್ನ ಮಾತನ್ನು ಒಪ್ಪಿದೆ. ಈ ಅಳತೆಯಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ” ಎಂದ.

ಅವಳು ಎದ್ದು ನಿಂತಳು. “ಹಿಂದಿನ ಹನ್ನೊಂದು ವರ್ಷ ಅಳೆದದ್ದೂ ಇದೇ ಕೈ” ಎಂದಳು.

ಸಭೆಯವರು ಅವಳು ಅಳತೆ ಬರೆದಿಟ್ಟಿದ್ದ ಮೂಲ ಪುಸ್ತಕಗಳನ್ನು ತರಿಸಿ ನೋಡಿದರು. ಅವಳ ಅಂಕಿಗಳು ಅವಳು ಬರೆದಂತೆಯೇ ಮತ್ತೆ ಅಚ್ಚಾದವು.

ಗುರುಗಳು ಕತೆ ನಿಲ್ಲಿಸಿದರು.

“ಆಗಲಾದರೂ ಅವಳ ಸಿಟ್ಟು ಇಳಿಯಿತೇ?” ಎಂದು ಮೃತ್ಯುಂಜಯ ಕೇಳಿದ.

“ಇಲ್ಲ; ಅಂಕಿಗಳನ್ನು ಮಾತ್ರ ಅದು ಒಂದು ದಿನವೂ ಮುಟ್ಟಿರಲಿಲ್ಲ.”